ಪೆಟ್ಟಿಗೆಯ ಮೇಲಿನ ಹಸಿರು ಗುರುತು ಮತ್ತು ಸರ್ಕಾರಕ್ಕೆ ಬರೆದ ಪತ್ರ: ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ ಹವಾಮಾನ ನಿಲುವನ್ನು ಹೇಗೆ ಅಳೆಯಬೇಕು?

ಸಪ್ತಾಪುರ ಮಾಸ್ತರ (ಧಾರವಾಡ)

ಹೋದ ವಾರ ಬಿ.ಕಾಂ. ಕೊನೆಯ ವರ್ಷದ ತರಗತಿಯಲ್ಲಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಪಾಠ ನಡೆದಿತ್ತು. ವಿದ್ಯಾರ್ಥಿನಿಯೊಬ್ಬಳು ತನ್ನ ಅಣ್ಣ ಬೆಂಗಳೂರಿನಿಂದ ತಂದಿದ್ದ ಆಪಲ್ ಕೈಗಡಿಯಾರದ ಖಾಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲಿದ್ದ ಸಣ್ಣ ಹಸಿರು ಗುರುತಿನ ಮೇಲೆ ಬೆರಳಿಟ್ಟು, "ಸರ್, ಇಂಗಾಲ ತಟಸ್ಥ ಅಂತ ಇದರ ಮೇಲೆ ಇದೆ. ಹವಾಮಾನದ ವಿಷಯದಲ್ಲಿ ಈ ಕಂಪನಿ ಸರಿಯಾದ ದಾರಿಯಲ್ಲಿದೆ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಕೊಡುತ್ತೀರಾ?" ಎಂದು ಕೇಳಿದಳು. ಆ ಗಳಿಗೆಯಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ತರಗತಿ ಮುಗಿಸಿದೆ. ಅಂದಿನಿಂದ ಓದಿದ್ದನ್ನು ಇಲ್ಲಿ ಇಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಬೇಕು.

ಕಂಪನಿ ತನ್ನ ಮನೆಯೊಳಗೆ ಮಾಡುವ ಕೆಲಸ ಒಂದು, ಸರ್ಕಾರದ ಬಾಗಿಲಲ್ಲಿ ನಿಂತು ಆಡುವ ಮಾತು ಇನ್ನೊಂದು. ಮೊದಲನೆಯದರ ಲೆಕ್ಕ ನಮಗೆ ಚೆನ್ನಾಗಿ ಸಿಗುತ್ತದೆ, ಏಕೆಂದರೆ ಅದನ್ನು ಕಂಪನಿಯೇ ಅಚ್ಚು ಹಾಕಿಸಿ ಹಂಚುತ್ತದೆ. ತನ್ನ ಕಚೇರಿ ಮತ್ತು ಮಳಿಗೆಗಳ ವ್ಯವಹಾರ ಇಂಗಾಲ ತಟಸ್ಥವಾಗಿದೆ, ಅಂದರೆ ಬಿಡುವ ಹೊಗೆಯನ್ನು ತಗ್ಗಿಸಿ ಉಳಿದಷ್ಟನ್ನು ಬೇರೆಡೆ ಸರಿದೂಗಿಸಿದ್ದೇನೆ ಎಂದು ಆಪಲ್ 2020ರಲ್ಲಿ ಹೇಳಿತು. ಬಿಡಿಭಾಗ ಪೂರೈಸುವ ಕಾರ್ಖಾನೆಗಳಿಂದ ಹಿಡಿದು ಗ್ರಾಹಕರು ಬಳಸುವ ವಿದ್ಯುತ್ತಿನವರೆಗೆ ಎಲ್ಲವನ್ನೂ 2030ರೊಳಗೆ ಆ ಮಟ್ಟಕ್ಕೆ ತರುವುದಾಗಿ ಅದೇ ವರ್ಷ ಘೋಷಿಸಿತು. ಆ ಗುರುತು ಹೊತ್ತ ಮೊದಲ ಕೈಗಡಿಯಾರಗಳು 2023ರ ಸೆಪ್ಟೆಂಬರಿನಲ್ಲಿ ಬಂದವು.

ಎರಡನೆಯದರ ಲೆಕ್ಕ ಚೂರುಚೂರಾಗಿ ಸಿಗುತ್ತದೆ. ಅಮೆರಿಕದ ಅತಿ ದೊಡ್ಡ ವಾಣಿಜ್ಯೋದ್ಯಮ ಸಂಸ್ಥೆಯಾದ ಯು.ಎಸ್. ಚೇಂಬರ್ ಆಫ್ ಕಾಮರ್ಸ್, ಹಸಿರುಮನೆ ಅನಿಲಗಳ ಮೇಲೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇರಹೊರಟಿದ್ದ ನಿಯಂತ್ರಣವನ್ನು ವಿರೋಧಿಸಿದಾಗ, 2009ರ ಅಕ್ಟೋಬರಿನಲ್ಲಿ ಆಪಲ್ ಅದರ ಸದಸ್ಯತ್ವವನ್ನೇ ಬಿಟ್ಟುಬಂದಿತು. ಆ ಪರಿಸರ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ಲೀಸಾ ಜಾಕ್ಸನ್ ಅವರನ್ನು 2013ರಲ್ಲಿ ತನ್ನ ಪರಿಸರ ವಿಭಾಗಕ್ಕೆ ತಂದುಕೊಂಡಿತು. ವಿದ್ಯುತ್ ಸ್ಥಾವರಗಳ ಹೊಗೆಗೆ ಮಿತಿ ಹಾಕುವ ಕ್ಲೀನ್ ಪವರ್ ಪ್ಲಾನನ್ನು ರದ್ದುಮಾಡಬಾರದು ಎಂದು 2018ರಲ್ಲಿ ಸರ್ಕಾರಕ್ಕೆ ಲಿಖಿತ ಅಭಿಪ್ರಾಯ ಸಲ್ಲಿಸಿತು. ವರ್ಷಕ್ಕೆ 100 ಕೋಟಿ ಡಾಲರ್‌ಗೂ ಮೀರಿ ವಹಿವಾಟು ನಡೆಸುವ ಕಂಪನಿಗಳು ತಮ್ಮ ಪೂರೈಕೆದಾರರ ಹೊಗೆಯನ್ನೂ ಸೇರಿಸಿ ಲೆಕ್ಕ ಕೊಡಬೇಕೆನ್ನುವ ಕ್ಯಾಲಿಫೋರ್ನಿಯಾದ ಎಸ್‌ಬಿ 253 ಮಸೂದೆಗೆ 2023ರಲ್ಲಿ ಬೆಂಬಲ ಕೊಟ್ಟಿತು. ಆಪಲ್ ಬಿಟ್ಟುಬಂದ ಅದೇ ಚೇಂಬರ್ 2024ರ ಜನವರಿಯಲ್ಲಿ ಈ ಕಾನೂನಿನ ವಿರುದ್ಧ ನ್ಯಾಯಾಲಯಕ್ಕೆ ಹೋಯಿತೆಂಬುದನ್ನು ಗಮನಿಸಿದರೆ, 2009ರ ಆ ನಿರ್ಧಾರದ ತೂಕ ತಿಳಿಯುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಆ ಹುಡುಗಿಗೆ ಪೂರ್ಣ ಅಂಕ ಕೊಡುತ್ತಿದ್ದೆ. ಆದರೆ ಅದೇ ಕಂಪನಿಯ ಮುಖ್ಯಸ್ಥರು ಬಿಸಿನೆಸ್ ರೌಂಡ್‌ಟೇಬಲ್ ಎಂಬ, ದೊಡ್ಡ ಕಂಪನಿಗಳ ಮುಖ್ಯಸ್ಥರ ಇನ್ನೊಂದು ಕೂಟದ ಸದಸ್ಯರು. 2021ರಲ್ಲಿ ಅಮೆರಿಕ ಸರ್ಕಾರ ಹವಾಮಾನಕ್ಕೆ ಭಾರೀ ಹಣವಿಡುವ ಮಸೂದೆ ತಂದಾಗ, ಅದರೊಳಗಿದ್ದ ಕಂಪನಿ ತೆರಿಗೆಯ ಏರಿಕೆಯನ್ನು ಮುಂದಿಟ್ಟುಕೊಂಡು ಈ ಕೂಟ ವಿರೋಧದ ಪ್ರಚಾರ ನಡೆಸಿತು. ಒಂದು ಸಂಘವನ್ನು ತತ್ವಕ್ಕಾಗಿ ಬಿಟ್ಟವರು ಇನ್ನೊಂದರಲ್ಲಿ ಕುಳಿತೇ ಇದ್ದರು. ಇದನ್ನು ತರಗತಿಯಲ್ಲಿ ಹೇಗೆ ವಿವರಿಸಬೇಕೆಂದು ತೋಚದೆ ನಿಮ್ಮೆಲ್ಲರನ್ನು ಕೇಳುತ್ತಿದ್ದೇನೆ.

ತಾರಿಹಾಳ ಪ್ಯಾನೆಲ್ (ಹುಬ್ಬಳ್ಳಿ)

ಮಾಸ್ತರರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನು ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಪಂಪ್‌ಸೆಟ್ಟಿನ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಘಟಕ ನಡೆಸುವವಳು; ಇಪ್ಪತ್ತೆರಡು ಜನ ಕೆಲಸಕ್ಕಿದ್ದಾರೆ. ಲಾಬಿ, ಅಂದರೆ ಕಾನೂನಿನ ವಿಷಯದಲ್ಲಿ ಸರ್ಕಾರದ ಮನವೊಲಿಸುವ ಕೆಲಸ, ಎಂಬ ಮಾತು ಬಂದ ಕೂಡಲೇ ಅದನ್ನು ಲಂಚದ ಅಣ್ಣತಮ್ಮನಂತೆ ನೋಡುವುದು ನಮ್ಮಲ್ಲಿ ರೂಢಿ. ನಾನು ಅದನ್ನು ಒಪ್ಪುವುದಿಲ್ಲ. ಕಾನೂನು ಮಾಡುವವರಿಗೆ ಕಾರ್ಖಾನೆಯ ಒಳಗಿನ ಕಷ್ಟ ಗೊತ್ತಿರುವುದಿಲ್ಲ; ಅದನ್ನು ಹೇಳಬೇಕಾದವರು ನಾವೇ.

ಒಂದು ಉದಾಹರಣೆ ಕೊಡುತ್ತೇನೆ. ಹೆಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು ಹುಬ್ಬಳ್ಳಿಗೆ ಬಂದು ಬಹಿರಂಗ ವಿಚಾರಣೆ ನಡೆಸುತ್ತಾರೆ. ನಾನು ಎರಡು ವರ್ಷ ಹೋಗಿದ್ದೇನೆ. ಮುಂಚೆಯೇ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು, ಹೆಸ್ಕಾಂ ಅದಕ್ಕೆ ಲಿಖಿತ ಉತ್ತರ ಕೊಡಬೇಕು. ಆ ದಿನ ನನ್ನ ಮುಂದಿನ ಸಾಲಿನಲ್ಲಿ ಕುಂದಗೋಳದ ಕಡೆಯ ರೈತರೊಬ್ಬರು, ಹಿಂದೆ ಪಾವರ್‌ಲೂಮಿನವರು ಕುಳಿತಿದ್ದರು. ಹೆಸರು ಕರೆದಾಗ ಎದ್ದು, ಹಸಿರು ವಿದ್ಯುತ್ ಕೊಳ್ಳುವ ಸಣ್ಣ ಘಟಕಗಳ ಮೇಲೆ ಹೆಚ್ಚುವರಿ ಶುಲ್ಕ ಹೇರಬೇಡಿ ಎಂದು ಐದು ನಿಮಿಷ ಮಾತಾಡಿದೆ. ಆದೇಶ ಹೊರಬಂದಾಗ ನೋಡಿದರೆ, ಕೊನೆಯ ಪುಟಗಳಲ್ಲಿ ಆಕ್ಷೇಪಣೆ, ಹೆಸ್ಕಾಂ ಉತ್ತರ, ಆಯೋಗದ ಅಭಿಪ್ರಾಯ ಮೂರನ್ನೂ ಒಂದರ ಕೆಳಗೊಂದು ಅಚ್ಚು ಮಾಡಿದ್ದರು. ನನ್ನ ಬೇಡಿಕೆ ಪೂರ್ತಿಯಾಗಿ ಈಡೇರಲಿಲ್ಲ, ಆದರೆ ನಾನು ಏನು ಕೇಳಿದೆ ಎಂಬುದನ್ನು ಯಾರು ಬೇಕಾದರೂ ಓದಬಹುದು.

ನಾನು ಮಾಡಿದ್ದೂ ಲಾಬಿಯೇ. ಆದ್ದರಿಂದ ಆಪಲ್ ಆಗಲಿ ಸ್ಯಾಮ್‌ಸಂಗ್ ಆಗಲಿ ಸರ್ಕಾರದ ಜೊತೆ ಮಾತಾಡಿತು ಎಂಬುದು ನನಗೆ ತಪ್ಪಾಗಿ ಕಾಣುವುದಿಲ್ಲ. ಏನು ಮಾತಾಡಿತು ಎಂಬುದು ಆ ಅನುಬಂಧದ ಹಾಗೆ ಓದಲು ಸಿಗುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಬೆಟಗೇರಿ ಹಿರಿಯ (ಗದಗ)

ಅಕ್ಕಾವ್ರ ಮಾತಿಗೆ ಪೂರ್ತಿ ಸಹಮತವಿದೆ. ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿ ನಿವೃತ್ತನಾದವನಾಗಿ ಒಂದು ವಿಷಯ ಸೇರಿಸುತ್ತೇನೆ.

ಫೋನು, ಚಿಪ್ಪು ತಯಾರಿಸುವ ಕಂಪನಿಯ ಇಂಗಾಲದ ಲೆಕ್ಕದಲ್ಲಿ ದೊಡ್ಡ ಪಾಲು ಅವುಗಳನ್ನು ಮಾಡುವ ಕಾರ್ಖಾನೆಗಳ ವಿದ್ಯುತ್ತಿನದು. ಹಾಗಿದ್ದ ಮೇಲೆ ಕಾರ್ಖಾನೆ ಇರುವ ದೇಶದ ವಿದ್ಯುತ್ ನೀತಿಯೇ ಆ ಕಂಪನಿಯ ಹವಾಮಾನ ನೀತಿ ಎಂದಾಯಿತು. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್ 2022ರ ಸೆಪ್ಟೆಂಬರಿನಲ್ಲಿ ಆರ್‌ಇ100 ಒಕ್ಕೂಟಕ್ಕೆ ಸೇರಿ, 2050ರೊಳಗೆ ಪೂರ್ಣವಾಗಿ ನವೀಕರಿಸಬಹುದಾದ ವಿದ್ಯುತ್ತನ್ನೇ ಬಳಸುವುದಾಗಿ ಹೇಳಿತು. ಅದಾಗಿ ನಾಲ್ಕೇ ತಿಂಗಳಿಗೆ, 2023ರ ಜನವರಿಯಲ್ಲಿ, ದಕ್ಷಿಣ ಕೊರಿಯಾ ಸರ್ಕಾರ 2030ರ ನವೀಕರಿಸಬಹುದಾದ ವಿದ್ಯುತ್ತಿನ ಗುರಿಯನ್ನು ಶೇ 30.2ರಿಂದ ಶೇ 21.6ಕ್ಕೆ ಇಳಿಸಿತು. ದೇಶದ ಅತಿ ದೊಡ್ಡ ಕಂಪನಿ ಪೂರ್ತಿ ಹಸಿರು ವಿದ್ಯುತ್ ಬೇಕು ಎನ್ನುತ್ತಿರುವಾಗಲೇ ಸರ್ಕಾರ ಹಿಂದೆ ಸರಿಯಿತು. ಇಂತಹ ಹೊತ್ತಿನಲ್ಲಿ ಕಂಪನಿಯೊಂದು ಎಷ್ಟು ಗಟ್ಟಿಯಾಗಿ ಮಾತಾಡುತ್ತದೆ ಎಂಬುದೇ ಅದರ ನಿಜವಾದ ಅಳತೆಗೋಲು ಎಂದು ನನ್ನ ಎಣಿಕೆ. ಜಪಾನಿನಲ್ಲಿ ಸೋನಿ 2020ರಲ್ಲಿ ಬೇರೆ ರೀತಿ ನಡೆದುಕೊಂಡಿತ್ತು: ಹಸಿರು ವಿದ್ಯುತ್ ಸುಲಭವಾಗಿ ಸಿಗದಿದ್ದರೆ ತಯಾರಿಕೆಯನ್ನು ದೇಶದ ಹೊರಗೆ ಒಯ್ಯಬೇಕಾದೀತು ಎಂದು ಸಚಿವರಿಗೇ ತಿಳಿಸಿತ್ತು, ಆ ಮಾತು ಪತ್ರಿಕೆಗಳಲ್ಲಿಯೂ ಬಂದಿತ್ತು.

ನಮ್ಮ ಗದಗಿಗೆ ಬಂದರೆ, ಕಪ್ಪತಗುಡ್ಡದ ಸಾಲಿನಲ್ಲಿ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಈ ಗಾಳಿಯ ವಿದ್ಯುತ್ತನ್ನು ಹುಬ್ಬಳ್ಳಿಯ ಒಂದು ಘಟಕ ನೇರವಾಗಿ ಕೊಳ್ಳಬೇಕಾದರೆ ತಂತಿ ಬಳಕೆಗೆ ವ್ಹೀಲಿಂಗ್ ಶುಲ್ಕ, ಅದರ ಮೇಲೆ ಇತರ ಗ್ರಾಹಕರ ರಿಯಾಯಿತಿ ದರವನ್ನು ತುಂಬಿಕೊಳ್ಳಲು ಹಾಕುವ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ಕಟ್ಟಬೇಕು. ಮೊದಲು ಒಂದು ಮೆಗಾವ್ಯಾಟಿಗಿಂತ ಕಡಿಮೆ ಬೇಡಿಕೆಯವರಿಗೆ ಆ ಅವಕಾಶವೇ ಇರಲಿಲ್ಲ. ಕೇಂದ್ರ ಸರ್ಕಾರ 2022ರ ನಿಯಮಗಳಲ್ಲಿ ಆ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿತು. ಅಂಥ ನಿಯಮ ಮಾಡುವ ಅಧಿಕಾರ ಕೇಂದ್ರಕ್ಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರಿನಲ್ಲಿ ಅದನ್ನು ರದ್ದುಪಡಿಸಿತು. ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರಿಗೆ ಹಸಿರು ವಿದ್ಯುತ್ ಬಳಸಿರೆಂದು ಷರತ್ತು ಹಾಕುತ್ತವೆ. ಆ ಪೂರೈಕೆದಾರನಿಗೆ ಗಾಳಿಯಂತ್ರ ಕಣ್ಣಿಗೆ ಕಾಣುತ್ತದೆ, ವಿದ್ಯುತ್ ಕೈಗೆ ಎಟುಕುವುದಿಲ್ಲ. ಈ ನಿಯಮಗಳ ವಿಚಾರಣೆಯಲ್ಲಿ ಷರತ್ತು ಹಾಕಿದ ಕಂಪನಿಯೂ ಬಂದು ಪೂರೈಕೆದಾರನ ಪರವಾಗಿ ನಿಲ್ಲಬೇಕೆಂಬುದು ನನ್ನ ವಾದ.

ಹಾನಗಲ್ ರಸ್ತೆ ರಿಪೇರಿ (ಹಾವೇರಿ)

ನಮಸ್ಕಾರ ಎಲ್ಲರಿಗೂ. ಮಾಸ್ತರರು ಹೇಳಿದ ಪೆಟ್ಟಿಗೆಯ ಹಸಿರು ಗುರುತಿನ ಬಗ್ಗೆ ಒಂದು ಮಾತು. 2025ರ ಆಗಸ್ಟಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನ್ಯಾಯಾಲಯವು ಆ ಕೈಗಡಿಯಾರವನ್ನು ಇಂಗಾಲ ತಟಸ್ಥವೆಂದು ಅಲ್ಲಿ ಜಾಹೀರಾತು ಮಾಡಕೂಡದೆಂದು ತೀರ್ಪು ಕೊಟ್ಟಿತು. ಉಳಿದ ಹೊಗೆಯನ್ನು ಸರಿದೂಗಿಸಲು ಕಂಪನಿ ನೆಚ್ಚಿಕೊಂಡದ್ದು ಪರಾಗ್ವೆ ದೇಶದ ನೀಲಗಿರಿ ನೆಡುತೋಪುಗಳನ್ನು. ಆ ಭೂಮಿಯ ಮುಕ್ಕಾಲು ಪಾಲಿನ ಗುತ್ತಿಗೆ 2029ಕ್ಕೆ ಮುಗಿಯುತ್ತದೆ, ಆಮೇಲೆ ಆ ಮರಗಳು ನಿಲ್ಲುತ್ತವೆಂಬ ಖಾತ್ರಿಯಿಲ್ಲ ಎಂಬುದು ನ್ಯಾಯಾಲಯದ ಕಾರಣ.

ನೀಲಗಿರಿ ಎಂದು ಓದಿದಾಗ ನನಗೆ ನಮ್ಮ ಕುಸನೂರು ನೆನಪಾಯಿತು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಜನ ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಸುಮಾರು 75,000 ಎಕರೆ ಭೂಮಿಯನ್ನು ನೀಲಗಿರಿ ಬೆಳೆಯಲು ಅದಕ್ಕೆ ಒಪ್ಪಿಸುವ ಏರ್ಪಾಡು ಮಾಡಿದ್ದವು. ಅದನ್ನೂ ಕಾಡು ಬೆಳೆಸುವ ಕೆಲಸವೆಂದೇ ಕರೆಯಲಾಗಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ನಡೆದು, ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ನಮ್ಮ ತಂದೆ ಹೋಗಿದ್ದರು. ನೀಲಗಿರಿ ಸಸಿಯ ಬೇರು ಸಡಿಲ ಮಣ್ಣಿನಲ್ಲಿ ಸರಕ್ಕನೆ ಬಂತು, ಅದೇ ಗುಂಡಿಯಲ್ಲಿ ಹಲಸಿನ ಸಸಿ ಇಟ್ಟೆವು ಎಂದು ಇಂದಿಗೂ ಹೇಳುತ್ತಾರೆ. ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೂ ಹೋದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಕಾಗದದ ಮೇಲಿನ ಹಸಿರಿಗೂ ನೆಲದ ಹಸಿರಿಗೂ ಇರುವ ಅಂತರ ನಮ್ಮ ಕಡೆಯ ಜನಕ್ಕೆ ಹೊಸದಲ್ಲ ಎಂದು ಹೇಳಲು ಇದನ್ನು ಬರೆದೆ.

ಇನ್ನು ನನ್ನ ಕಸುಬಿನ ಮಾತು. ಅಂಗಡಿಯಲ್ಲಿ ರಿಪೇರಿಯಾಗದೆ ಉಳಿದ ಮದರ್‌ಬೋರ್ಡು, ಉಬ್ಬಿದ ಬ್ಯಾಟರಿ, ಒಡೆದ ಡಿಸ್‌ಪ್ಲೇಗಳನ್ನು ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಬೇರೆಬೇರೆ ಹಾಕಿ ಇಟ್ಟಿರುತ್ತೇನೆ. ತಿಂಗಳಿಗೊಮ್ಮೆ ಗುಜರಿಯವ ಬಂದು ತಕ್ಕಡಿಯಲ್ಲಿ ತೂಗಿ ಒಯ್ಯುತ್ತಾನೆ. ಬೋರ್ಡಿಗೆ ಒಳ್ಳೆಯ ದುಡ್ಡು ಕೊಡುತ್ತಾನೆ, ಡಿಸ್‌ಪ್ಲೇಯನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನುತ್ತಾನೆ. ಆ ಬೋರ್ಡು ಎಲ್ಲಿ ಸುಡುತ್ತದೆ, ಯಾವ ಹಳ್ಳದ ದಂಡೆಯಲ್ಲಿ ಆಮ್ಲದಲ್ಲಿ ಅದ್ದುತ್ತಾರೆ ಎಂಬುದು ನನಗೂ ತಿಳಿಯದು, ಅವನಿಗೂ ತಿಳಿಯದು. ಇದನ್ನು ಸರಿಪಡಿಸಲೆಂದೇ 2022ರ ಇ-ತ್ಯಾಜ್ಯ ನಿಯಮಗಳು ಬಂದವು. ತಯಾರಕರು ಮಾರಿದ ಸಾಮಾನಿನ ಒಂದು ಪಾಲನ್ನು ನೋಂದಾಯಿತ ಮರುಬಳಕೆ ಘಟಕಗಳ ಮೂಲಕ ವಿಲೇವಾರಿ ಮಾಡಿಸಿ ಪ್ರಮಾಣಪತ್ರ ಕೊಳ್ಳಬೇಕು. ಆ ಘಟಕಗಳಿಗೆ ತಯಾರಕರು ಗೃಹೋಪಯೋಗಿ ಉಪಕರಣಗಳ ತ್ಯಾಜ್ಯಕ್ಕೆ ಕಿಲೋಗೆ ಕನಿಷ್ಠ 22 ರೂಪಾಯಿ, ಸ್ಮಾರ್ಟ್‌ಫೋನಿಗೆ 34 ರೂಪಾಯಿ ಕೊಡಬೇಕೆಂದು ಸರ್ಕಾರ 2024ರಲ್ಲಿ ಗೊತ್ತುಮಾಡಿತು. ಸ್ಯಾಮ್‌ಸಂಗ್, ಎಲ್‌ಜಿ, ಡೈಕಿನ್, ಹ್ಯಾವೆಲ್ಸ್, ವೋಲ್ಟಾಸ್ ಮೊದಲಾದ ಕಂಪನಿಗಳು ಇದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋಗಿವೆ. ಕಿಲೋಗೆ 34 ರೂಪಾಯಿ! ಒಂದು ಫೋನು ಇನ್ನೂರು ಗ್ರಾಂ ತೂಗುತ್ತದೆ. ಅಂದರೆ ಒಂದು ಫೋನಿಗೆ ಏಳು ರೂಪಾಯಿಗೂ ಕಡಿಮೆ. ಇಪ್ಪತ್ತು ಸಾವಿರದ ಫೋನಿಗೆ ಈ ಏಳು ರೂಪಾಯಿ ಭಾರವೇ ಎಂದು ನನ್ನ ಮನಸ್ಸು ಕೇಳುತ್ತದೆ.

ತಾರಿಹಾಳ ಪ್ಯಾನೆಲ್ (ಹುಬ್ಬಳ್ಳಿ)

ರಿಪೇರಿ ಅಣ್ಣಾವ್ರೇ, ನಿಮ್ಮ ಲೆಕ್ಕ ಫೋನಿಗೆ ಸರಿ. ಅರವತ್ತು ಕಿಲೋ ತೂಗುವ ಫ್ರಿಜ್ಜಿಗೆ, ವಾಷಿಂಗ್ ಮಷೀನಿಗೆ ಅದೇ ಲೆಕ್ಕ ಸಾವಿರದ ಮೇಲೆ ಹೋಗುತ್ತದೆ. ಬೆಲೆಯನ್ನು ಮಾರುಕಟ್ಟೆಗೆ ಬಿಡಬೇಕು, ಕನಿಷ್ಠ ಬೆಲೆ ಕಟ್ಟಿದ ಮಾತ್ರಕ್ಕೆ ಗುಜರಿಯ ದಂಧೆ ನಿಲ್ಲುವುದಿಲ್ಲ ಎಂಬ ಆ ಕಂಪನಿಗಳ ವಾದವನ್ನು ಒಮ್ಮೆಗೇ ತಳ್ಳಿಹಾಕಲಾರೆ. ಅದಕ್ಕಿಂತ ಮುಖ್ಯವಾಗಿ, ನ್ಯಾಯಾಲಯಕ್ಕೆ ಹೋದ ಕಂಪನಿ ತನ್ನ ವಾದವನ್ನು ಅಫಿಡವಿಟ್ ಮೇಲೆ ಸಹಿ ಹಾಕಿ ತೆರೆದ ನ್ಯಾಯಾಲಯದಲ್ಲಿ ಇಡುತ್ತದೆ. ಅಲ್ಲಿ ಸರ್ಕಾರ ಉತ್ತರ ಕೊಡುತ್ತದೆ, ನಾವು ಕೇಳಿ ಒಪ್ಪಬಹುದು, ಬಿಡಬಹುದು. ಇದಕ್ಕಿಂತ ತೆರೆದ ಲಾಬಿ ಬೇರೆ ಯಾವುದಿದೆ?

ಸಪ್ತಾಪುರ ಮಾಸ್ತರ (ಧಾರವಾಡ)

ಈ ಮಾತು ನನ್ನ ಗೊಂದಲವನ್ನು ಬಹಳಷ್ಟು ಬಿಡಿಸಿತು. ನಾನು ಪರ ಅಥವಾ ವಿರೋಧ ಎಂದು ಎರಡು ಕಂಬ ಹಾಕಿ ಲೆಕ್ಕ ಇಡುತ್ತಿದ್ದೆ. ಈಗ ತೋರುವುದು, ಆಡಿದ ಮಾತಿಗೆ ತನ್ನ ಹೆಸರು ಹಚ್ಚಿದ್ದು ಒಂದು ಕಡೆ, ಸಂಘದ ಹೆಸರಿನ ಹಿಂದೆ ನಿಂತು ಆಡಿಸಿದ್ದು ಇನ್ನೊಂದು ಕಡೆ ಎಂದು ಬರೆದುಕೊಳ್ಳಬೇಕು. ಯುರೋಪು ಎಲ್ಲ ಫೋನಿಗೂ ಒಂದೇ ಚಾರ್ಜರ್ ಎಂಬ ಕಾನೂನು ತರುವಾಗ, ಬಿಸಾಡಿದ ಮತ್ತು ಬಳಸದೆ ಬಿದ್ದ ಚಾರ್ಜರುಗಳಿಂದ ವರ್ಷಕ್ಕೆ 11,000 ಟನ್ ತ್ಯಾಜ್ಯವಾಗುತ್ತದೆಂದು ಅಲ್ಲಿನ ಆಯೋಗ ಅಂದಾಜು ಮಾಡಿತ್ತು. ಆಪಲ್ ಅದನ್ನು ಬಹಿರಂಗವಾಗಿಯೇ ವಿರೋಧಿಸಿ, ಕಾನೂನಾದ ಮೇಲೆ 2023ರಿಂದ ಪಾಲಿಸಿತು. ಆ ವಿರೋಧವನ್ನು ನಾನು ಒಪ್ಪುವುದಿಲ್ಲ, ಆದರೆ ಅದು ಯಾರದೆಂಬ ಅನುಮಾನ ಯಾರಿಗೂ ಇರಲಿಲ್ಲ. ಬಿಸಿನೆಸ್ ರೌಂಡ್‌ಟೇಬಲ್‌ನ ಪ್ರಚಾರದಲ್ಲಿ ಯಾವ ಕಂಪನಿಯ ಪಾಲು ಎಷ್ಟೆಂದು ಹೇಳುವುದೇ ಕಷ್ಟ.

ಮುಚ್ಚಿದ ಬಾಗಿಲಿನ ಮಾತುಕತೆ ನಮ್ಮ ರಾಜ್ಯದಲ್ಲಿ ಏನು ಮಾಡಬಲ್ಲದೆಂಬುದಕ್ಕೆ ಹವಾಮಾನದ ಹೊರಗಿನ ಒಂದು ಉದಾಹರಣೆ ಇದೆ. 2023ರ ಫೆಬ್ರುವರಿಯಲ್ಲಿ ನಮ್ಮ ವಿಧಾನಮಂಡಲ ದಿನಕ್ಕೆ ಹನ್ನೆರಡು ತಾಸಿನ ಪಾಳಿಗೆ ಅವಕಾಶ ಕೊಡುವಂತೆ ಕಾರ್ಖಾನೆ ಕಾಯ್ದೆಯನ್ನು ತಿದ್ದಿತು. ಅದರ ಹಿಂದೆ ಆಪಲ್ ಮತ್ತು ಅದರ ಫೋನುಗಳನ್ನು ಜೋಡಿಸಿಕೊಡುವ ಫಾಕ್ಸ್‌ಕಾನ್‌ಗಳ ಒತ್ತಾಯವಿತ್ತೆಂದು ಲಂಡನ್ನಿನ ಫೈನಾನ್ಶಿಯಲ್ ಟೈಮ್ಸ್ ಮುಂದಿನ ತಿಂಗಳು ವರದಿ ಮಾಡಿತು. ನಮ್ಮ ಶಾಸಕರು ಓಟು ಹಾಕಿದ ಕಾಯ್ದೆಯ ಹಿನ್ನೆಲೆ ನಮಗೆ ತಿಳಿದದ್ದು ಲಂಡನ್ನಿನ ಪತ್ರಿಕೆಯಿಂದ. ನನಗೆ ಇದು ಬಹಳ ನೋವಿನ ಸಂಗತಿ.

ನವನಗರ ವಕೀಲಿ (ಹುಬ್ಬಳ್ಳಿ)

ಸರ್, ನಾನು ಕಾನೂನು ಓದುತ್ತಿರುವ ವಿದ್ಯಾರ್ಥಿನಿ. ಆ ನೋವಿಗೆ ಕಾರಣ ಕಾನೂನಿನಲ್ಲಿಯೇ ಇದೆ. ಅಮೆರಿಕದಲ್ಲಿ 1995ರ ಲಾಬಿ ಬಹಿರಂಗ ಕಾಯ್ದೆಯ ಪ್ರಕಾರ ಕಂಪನಿಗಳು ಮೂರು ತಿಂಗಳಿಗೊಮ್ಮೆ ಯಾವ ಮಸೂದೆಯ ಬಗ್ಗೆ ಲಾಬಿ ಮಾಡಿದೆವು, ಎಷ್ಟು ಖರ್ಚಾಯಿತು ಎಂದು ಬರೆದುಕೊಡಬೇಕು. ಮಸೂದೆಯ ಪರವೋ ವಿರುದ್ಧವೋ ಎಂದು ಬರೆಯಬೇಕಿಲ್ಲ ಎಂಬುದು ಅದರ ದೊಡ್ಡ ಕೊರತೆ. ಭಾರತದಲ್ಲಿ ಅಷ್ಟೂ ಇಲ್ಲ. ವಾಲ್‌ಮಾರ್ಟ್ ಲಾಬಿಯ ಗದ್ದಲವಾದ ಮೇಲೆ 2013ರಲ್ಲಿ ಸಂಸದ ಕಾಳಿಕೇಶ್ ನಾರಾಯಣ ಸಿಂಗ್ ದೇವ್ ಒಂದು ಖಾಸಗಿ ಮಸೂದೆ ತಂದಿದ್ದರು, ಅದು ಕಾಯ್ದೆಯಾಗಲಿಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಷೇರುಪೇಟೆಯ ನಿಯಂತ್ರಕರಾದ ಸೆಬಿಯವರು ಕೇಳುವ, ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ಲೆಕ್ಕವಾದ ಬಿಆರ್‌ಎಸ್‌ಆರ್ ವರದಿಯನ್ನು 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳು ಕಡ್ಡಾಯವಾಗಿ ಕೊಡಬೇಕು. ಅದರ ಏಳನೆಯ ತತ್ವ ನೇರವಾಗಿ ಇದರ ಬಗ್ಗೆಯೇ ಇದೆ: ಸಾರ್ವಜನಿಕ ನೀತಿಯ ಮೇಲೆ ಪ್ರಭಾವ ಬೀರುವಾಗ ಹೊಣೆಯಿಂದ, ಪಾರದರ್ಶಕವಾಗಿ ನಡೆದುಕೊಳ್ಳಬೇಕು. ಯಾವ ಯಾವ ವಾಣಿಜ್ಯೋದ್ಯಮ ಸಂಘಗಳ ಸದಸ್ಯರು ಎಂದು ಮುಖ್ಯವಾದ ಹತ್ತರ ಹೆಸರು ಬರೆಯಬೇಕು. ನಾನು ಹ್ಯಾವೆಲ್ಸ್, ವೋಲ್ಟಾಸ್, ಬ್ಲೂ ಸ್ಟಾರ್ ಇಂತಹವುಗಳ ವರದಿ ತೆರೆದು ಆ ಪುಟಕ್ಕೇ ಹೋಗಿ ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮಾಸ್ತರರು ವಿದ್ಯಾರ್ಥಿಗಳಿಗೂ ಅದನ್ನೇ ಹಚ್ಚಬಹುದು. ತೊಡಕೆಂದರೆ, ಆಪಲ್ ಮತ್ತು ಸ್ಯಾಮ್‌ಸಂಗ್‌ನ ಭಾರತೀಯ ಶಾಖೆಗಳು ನಮ್ಮ ಷೇರುಪೇಟೆಯಲ್ಲಿ ಇಲ್ಲವಾದ್ದರಿಂದ ಈ ನಿಯಮ ಅವುಗಳನ್ನು ಮುಟ್ಟುವುದಿಲ್ಲ. ಎಲ್‌ಜಿಯ ಭಾರತೀಯ ಕಂಪನಿ 2025ರ ಅಕ್ಟೋಬರಿನಲ್ಲಿ ಪೇಟೆಗೆ ಬಂದಿದೆ, ಅದರ ವರದಿಯನ್ನು ಕಾದು ಓದಬೇಕು.

ಇನ್ನೊಂದು ದಾರಿ ಸರ್ಕಾರದ ಕಡೆಯಿಂದ. ಕೇಂದ್ರ ಸರ್ಕಾರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯಂತೆ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನೂ ಜಾಲತಾಣದಲ್ಲಿ ಹಾಕಬೇಕು. ಇ-ತ್ಯಾಜ್ಯ ನಿಯಮಗಳ ಕರಡು 2022ರ ಮೇ ತಿಂಗಳಲ್ಲಿ ಬಂತು, ನವೆಂಬರಿನಲ್ಲಿ ಅಂತಿಮವಾಯಿತು. ಈ ನಡುವಿನ ತಿಂಗಳುಗಳಲ್ಲಿ ಯಾವ ಕಂಪನಿ, ಯಾವ ಸಂಘ ಏನು ಬರೆಯಿತೆಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ವ್ಯಾಪಾರದ ಗುಟ್ಟು ಎಂದು 8(1)(ಡಿ) ಕಲಮನ್ನು ತೋರಿಸಿ ನಿರಾಕರಿಸುವ ಸಾಧ್ಯತೆ ಇದೆ. ಆದರೆ ನಿಯಮ ಹೇಗಿರಬೇಕೆಂದು ಸರ್ಕಾರಕ್ಕೆ ಕೊಟ್ಟ ಸಲಹೆ ವ್ಯಾಪಾರದ ಗುಟ್ಟು ಹೇಗಾಗುತ್ತದೆ ಎಂದು ಮೇಲ್ಮನವಿಯಲ್ಲಿ ಗಟ್ಟಿಯಾಗಿ ವಾದಿಸಬಹುದು.

ಬೆಟಗೇರಿ ಹಿರಿಯ (ಗದಗ)

ಚೆನ್ನಾಗಿ ಬರೆದಿ ತಂಗಿ. ಇದಕ್ಕೆ ನಮ್ಮೂರಿನ ಗಂಟೂ ಇದೆ. ಧಾರವಾಡದ ಕೋಟೂರು-ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಸುಮಾರು 180 ಕೋಟಿ ರೂಪಾಯಿಯ ಎಲೆಕ್ಟ್ರಾನಿಕ್ಸ್ ತಯಾರಿಕಾ ಕ್ಲಸ್ಟರಿಗೆ 2023ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಕಂಪನಿಗಳು ನೆಲೆಯೂರುವ ಮೊದಲೇ ನೀರು, ವಿದ್ಯುತ್, ತ್ಯಾಜ್ಯದ ಬಗ್ಗೆ ಅವು ಸರ್ಕಾರದಿಂದ ಯಾವ ರಿಯಾಯಿತಿ ಕೇಳುತ್ತವೆ ಎಂಬುದು ನಮಗೆ ತಿಳಿಯಬೇಕು. ಕಾರ್ಖಾನೆ ಎದ್ದ ಮೇಲೆ ಕೇಳಿದರೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರೇ ನಮ್ಮನ್ನು ಎದುರು ಹಾಕಿಕೊಳ್ಳುತ್ತಾರೆ.

ಹಾನಗಲ್ ರಸ್ತೆ ರಿಪೇರಿ (ಹಾವೇರಿ)

ಅಕ್ಕಾ, ಅರ್ಜಿ ಕನ್ನಡದಲ್ಲಿ ಹಾಕಬಹುದೇ? ದೆಹಲಿಗೆ ಹೋಗುವಂಥದ್ದು ಇಂಗ್ಲಿಷಿನಲ್ಲೇ ಇರಬೇಕೇ?

ನವನಗರ ವಕೀಲಿ (ಹುಬ್ಬಳ್ಳಿ)

ಕನ್ನಡದಲ್ಲಿಯೇ ಹಾಕಬಹುದು, ಅಣ್ಣಾ. ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದೆಂದು 6(1)ನೇ ಕಲಮೇ ಹೇಳುತ್ತದೆ. ಶುಲ್ಕ ಹತ್ತು ರೂಪಾಯಿ, 500 ಪದ ಮೀರದಿದ್ದರೆ ಸಾಕು, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ನಾನು ಕರಡು ಬರೆದಿದ್ದೇನೆ, ಮೂರೇ ಪ್ರಶ್ನೆ ಇಟ್ಟಿದ್ದೇನೆ: 2022ರ ಕರಡು ಇ-ತ್ಯಾಜ್ಯ ನಿಯಮಗಳ ಮೇಲೆ ಅಭಿಪ್ರಾಯ ಕಳಿಸಿದ ಎಲ್ಲ ಕಂಪನಿ ಮತ್ತು ಉದ್ಯಮ ಸಂಘಗಳ ಹೆಸರು, ಅವುಗಳ ಪತ್ರಗಳ ಪ್ರತಿ, 2024ರಲ್ಲಿ ಕನಿಷ್ಠ ಬೆಲೆ ಗೊತ್ತುಮಾಡುವ ಮೊದಲು ಸಚಿವಾಲಯ ಉದ್ಯಮದವರೊಂದಿಗೆ ನಡೆಸಿದ ಸಭೆಗಳ ನಡಾವಳಿ. ಕ್ಲಸ್ಟರಿನ ಬಗ್ಗೆ ರಾಜ್ಯದ ಕಚೇರಿಗೆ ಬೇರೆ ಅರ್ಜಿ ಬೇಕು. ಅಲ್ಲಿ 150 ಪದದ ಮಿತಿ, ಒಂದು ಅರ್ಜಿಗೆ ಒಂದೇ ವಿಷಯ.

ಸಪ್ತಾಪುರ ಮಾಸ್ತರ (ಧಾರವಾಡ)

ಕರಡನ್ನು ಇವತ್ತು ತರಗತಿಯಲ್ಲಿ ಓದಿಸಿದೆ. ಪೆಟ್ಟಿಗೆ ತಂದಿದ್ದ ಹುಡುಗಿಯೇ ಅದನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿ, ನಾಲ್ಕನೆಯ ಪ್ರಶ್ನೆಯನ್ನು ತಾನಾಗಿ ಸೇರಿಸಿದ್ದಾಳೆ: ಬಂದ ಅಭಿಪ್ರಾಯಗಳ ಸಾರಾಂಶವನ್ನು ಜಾಲತಾಣದಲ್ಲಿ ಹಾಕಿದ್ದರೆ ಅದರ ಪುಟದ ವಿಳಾಸ, ಹಾಕಿರದಿದ್ದರೆ ಅದಕ್ಕೆ ಕಾರಣ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಮಧ್ಯಾಹ್ನ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿದೆವು. ರಸೀದಿ ಅವಳ ಬಳಿ ಇದೆ. ಉತ್ತರ ಬಂದ ದಿನ ಇದರ ಕೆಳಗೇ ಪೂರ್ತಿಯಾಗಿ ಹಾಕುತ್ತೇನೆ.